ನೊರೆ ಹೆಚ್ಚಲೆಂದು ಸುರಿದ ಸ್ಲರಿ

"ನಿನ್ನ ಲಿಕ್ವಿಡ್‌ನಲ್ಲಿ ನೊರೆನೇ ಬರಲ್ಲ ಮಾರಾಯ್ತಿ" ಎಂದು ಭದ್ರಾವತಿಯ ಆ ಓಣಿಯಲ್ಲಿ ಮೂರು ಮನೆಯವರು ಹೇಳಿದರು. ಸ್ವಸಹಾಯ ಸಂಘಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಮಾಡುತ್ತಿದ್ದವಳು ಉಚ್ಚಂಗಮ್ಮ. ಈ ಸಲ ನೊರೆ ಬರಿಸುವ ಆಸಿಡ್ ಸ್ಲರಿಯನ್ನು ಅಳತೆ ಮೀರಿ ಸುರಿದಳು.

"ಅತ್ತೆ, ತರಬೇತಿಲಿ ಕೊಟ್ಟ ಚೀಟಿಲಿ ಇಷ್ಟು ಬರೆದಿಲ್ಲ" ಎಂದಳು ಸೊಸೆ ರಂಜಿನಿ.

"ನೊರೆ ಜಾಸ್ತಿ ಬಂದ್ರೆ ಜಿಡ್ಡು ಬೇಗ ಹೋಗುತ್ತೆ. ಸುಮ್ನಿರು."

ಮರುದಿನ ಬೆಳಿಗ್ಗೆಯೇ ಆರು ಬಾಟಲಿ ಮಾರಿಹೋದವು. ಅದೇ ಲಿಕ್ವಿಡ್‌ನಲ್ಲಿ ತಿಂಡಿ ಪಾತ್ರೆ ತೊಳೆದ ರಂಜಿನಿಯ ಬೆರಳ ಸಂದಿಗಳು ಹತ್ತು ಗಂಟೆಯೊಳಗೆ ಕೆಂಪಾಗಿ, ಚರ್ಮ ಸುಲಿಯತೊಡಗಿತು.

ಉಚ್ಚಂಗಮ್ಮ ಹೆದರಿ, ಸಂಘಕ್ಕೆ ತರಬೇತಿ ಕೊಟ್ಟಿದ್ದ ಶಿವಮೊಗ್ಗದ ಪ್ರಿಯದರ್ಶಿನಿ ಮೇಡಂಗೆ ಫೋನ್ ಮಾಡಿದಳು.

"ಇಪ್ಪತ್ತು ನಿಮಿಷ ಹರಿಯೋ ನೀರಲ್ಲಿ ಕೈ ಹಿಡಿಸಿ, ಆಮೇಲೆ ಡಾಕ್ಟರ್‌ಗೆ ತೋರಿಸಿ. ಮಾರಿದ ಬಾಟಲಿ ಎಲ್ಲಾ ವಾಪಸ್ ತನ್ನಿ. ನಾನು ಹೊರಟೆ."

ಆರರಲ್ಲಿ ಒಂದು ಅಂಗನವಾಡಿಗೆ ಹೋಗಿತ್ತು. ಅಲ್ಲಿ ಮಕ್ಕಳು ಊಟಕ್ಕೆ ಮುಂಚೆ ಅದರಲ್ಲೇ ಕೈ ತೊಳೆಯುವ ಹೊತ್ತು. ಉಚ್ಚಂಗಮ್ಮ ಸೆರಗು ಜಾರಿದ್ದೂ ತಿಳಿಯದೆ ಓಡಿದಳು.

ಬಾಟಲಿಯ ಮುಚ್ಚಳ ತೆರೆದಿತ್ತು. ಪುಟ್ಟ ಹುಡುಗಿಯೊಬ್ಬಳು ಅಂಗೈ ತುಂಬ ನೊರೆ ಮಾಡಿಕೊಂಡು, ಆ ಕೈಯನ್ನು ಕಣ್ಣಿನ ಹತ್ತಿರ ತರುತ್ತಿದ್ದಳು. ಉಚ್ಚಂಗಮ್ಮ ಆ ಕೈ ಹಿಡಿದು ನಲ್ಲಿಯ ಕೆಳಗಿಟ್ಟಳು. ಇಪ್ಪತ್ತು ನಿಮಿಷ ಬಿಡಲಿಲ್ಲ. ಮಗುವಿನ ಅಂಗೈ ತುಸು ಕೆಂಪಾಗಿತ್ತು, ಅಷ್ಟೇ.

ಉಳಿದ ಐದೂ ಬಾಟಲಿ ಸಿಗುವಷ್ಟರಲ್ಲಿ ಸಂಜೆಯಾಯಿತು. ಅಷ್ಟರಲ್ಲಿ ಬಂದಿದ್ದ ಪ್ರಿಯದರ್ಶಿನಿ ಲಿಕ್ವಿಡ್‌ನಲ್ಲಿ ಆಸಿಡ್ ಎಷ್ಟಿದೆಯೆಂದು ತೋರಿಸುವ ಪಿಎಚ್ ಪೇಪರ್ ಅದ್ದಿದರು. ಅದು ಕಡುಗೆಂಪಾಯಿತು.

"ನೋಡಿ ಅಮ್ಮ, ಜಿಡ್ಡು ತೆಗೆಯೋದು ನೊರೆ ಅಲ್ಲ, ಸರ್ಫ್ಯಾಕ್ಟೆಂಟ್. ಅದರ ಒಂದು ತುದಿ ಎಣ್ಣೆ ಹಿಡಿಯುತ್ತೆ, ಇನ್ನೊಂದು ನೀರು ಹಿಡಿಯುತ್ತೆ. ಸ್ಲರಿಗೆ ಅಳತೆಯಾಗಿ ಕಾಸ್ಟಿಕ್ ಸೋಡಾ ನೀರು ಸೇರಿದ್ರೇನೇ ಅದು ಕೈಗೆ ಆಗೋದು. ಇಲ್ದಿದ್ರೆ ಬರೀ ಆಸಿಡ್. ಸೋಡಾ ಜಾಸ್ತಿಯಾದ್ರೂ ಸುಡುತ್ತೆ."

"ನೊರೆ ಕಮ್ಮಿಯಾದ್ರೆ ಜನ ತಗೊಳ್ಳಲ್ವಲ್ಲ ಮೇಡಂ?"

ಪ್ರಿಯದರ್ಶಿನಿ ಅಳತೆ ಸರಿಯಿದ್ದ ಹಳೆಯ ಲಿಕ್ವಿಡ್ ಒಂದೇ ಚಮಚ ಹಾಕಿ ಎಣ್ಣೆ ಬಾಣಲೆ ತೊಳೆದರು. ನೊರೆ ಅಷ್ಟಕ್ಕಷ್ಟೇ. ಬಾಣಲೆಯಲ್ಲಿ ಜಿಡ್ಡಿರಲಿಲ್ಲ.

ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿಕೊಂಡು ಕೂತಿದ್ದ ಸೊಸೆಯ ಕಡೆ ಉಚ್ಚಂಗಮ್ಮ ತಿರುಗಿದಳು. "ನೀನು ಹೇಳಿದಾಗ ಕೇಳ್ಬೇಕಿತ್ತು ಕಣೆ. ಇನ್ಮೇಲೆ ಅಳತೆ ನೀನೇ ನೋಡು."

ಅಕ್ಕಂದಿರೇ, ಲಿಕ್ವಿಡ್ ಮಾಡುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಚೀಟಿಯ ಅಳತೆ ಮೀರಬೇಡಿ. ಪಿಎಚ್ ಏಳರ ಹತ್ತಿರ, ಅಂದರೆ ಆಸಿಡ್ ಮತ್ತು ಸೋಡಾ ಸರಿಸಮ, ಇಲ್ಲದ ಒಂದು ಬಾಟಲಿಯನ್ನೂ ಮನೆಯಿಂದ ಹೊರಗೆ ಕಳಿಸಬೇಡಿ. ಅದು ಯಾವ ಮಗುವಿನ ಕೈ ಸೇರುತ್ತದೋ ನಿಮಗೆ ಗೊತ್ತಿರುವುದಿಲ್ಲ.