ಪುಟದಡಿಯ ಪದ

ಪಾರ್ಸರ್ ಎಂಬ ಆ ಕಂಪ್ಯೂಟರ್ ಪ್ರೋಗ್ರಾಮ್ ಬರೆದೂ ಬರೆದೂ ದುರ್ರಾಳ ತಲೆ ಕೆಟ್ಟುಹೋಗಿತ್ತು. ಕೈರವಾನ್ ಊರಿನ ಹಸ್ತಪ್ರತಿ ಭಂಡಾರದಲ್ಲಿ, ಎಲ್ಲರೂ ಗೌರವಕ್ಕೆ 'ಸಿ' ಸೇರಿಸಿ ಕರೆಯುತ್ತಿದ್ದ ಹಿರಿಯರು ಸಿ ಶಾದ್ಲಿ ಹಳೆಯ ವೈದ್ಯಗ್ರಂಥವೊಂದನ್ನು ಟೈಪ್ ಮಾಡುತ್ತಿದ್ದರು. ಎಲ್ಲಿ ಮೂಲ, ಎಲ್ಲಿ ಅಂಚಿನ ಟಿಪ್ಪಣಿ ಎಂದು ತೋರಿಸಲು ಅವಳೇ ಗುರುತುಗಳನ್ನು ಕಟ್ಟಿಕೊಟ್ಟಿದ್ದಳು. ಬರಹವನ್ನು ಚೂರುಚೂರಾಗಿ ಬಿಡಿಸುವುದು ಟೋಕನೈಸರ್, ಚೂರುಗಳನ್ನು ಜೋಡಿಸುವುದು ಪಾರ್ಸರ್. ಹಿಂದಿರುಗಿ ನೋಡದೆ ಒಂದೇ ಓಟಕ್ಕೆ ಮುಗಿಸುವಂತೆ ಎರಡನ್ನೂ ತಿದ್ದಿ ತೀಡಿದ್ದಳು. ಆದರೂ ಹಾಳಾದ್ದು ಹನ್ನೊಂದು ಕಡೆ ನಿಲ್ಲುತ್ತಿತ್ತು!

ಹಿಂದಿನ ಲಿಪಿಕಾರರು ಮುಂದಿನ ಪುಟದ ಮೊದಲ ಪದವನ್ನು ಈ ಪುಟದ ಅಡಿಯಲ್ಲೂ ಬರೆದಿಡುತ್ತಿದ್ದರು. ಎರಡೂ ಹೊಂದಿದರೆ ಮಾತ್ರ ಪಾರ್ಸರ್ ಮುಂದೆ ಹೋಗುತ್ತಿತ್ತು.

"ಮತ್ತೆ ತಪ್ಪು, ಸಿ ಶಾದ್ಲಿ! ಸ್ವಲ್ಪ ಕಣ್ಣು ಬಿಟ್ಟು ನೋಡಬಾರ್ದಾ? ಗುರುವಾರದೊಳಗೆ ಓಡ್ಲಿಲ್ಲ ಅಂದ್ರೆ ನಿರ್ದೇಶಕರು ಪುಸ್ತಕಾನ ನಿಮ್ಮ ಕೈಯಿಂದ ಕಿತ್ತು ಬೇರೆಯವ್ರಿಗೆ ಕೊಡ್ತಾರೆ."

"ಒಂಬತ್ತು ಸಲ ನೋಡ್ದೆ ಮಗಳೇ. ಅಲ್ಲಿ ಹಾಗೇ ಇದೆ."

"ಹಾಗಾದ್ರೆ ಮಷೀನ್ ಸುಳ್ಳು ಹೇಳುತ್ತಾ?"

ಶಾದ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಆರು ವರ್ಷ ಆ ಪುಸ್ತಕದ ಮೇಲೆ ಬೆನ್ನು ಬಗ್ಗಿಸಿದವರು. ಅದು ಕೈತಪ್ಪುತ್ತದೆಂದರೆ ಅವರಿಗೆ ಜೀವವೇ ಹೋದಂತೆ.

ಬುಧವಾರ ಪಾರ್ಸರ್ ಎರಡೇ ಸೆಕೆಂಡಿನಲ್ಲಿ ಓಡಿ ಮುಗಿಯಿತು. ಒಂದೂ ತಕರಾರಿಲ್ಲ! ದುರ್ರಾ ಖುಷಿಯಿಂದ ಓದತೊಡಗಿದಳು. ಜ್ವರದ ಕಷಾಯ ಕುದಿಯುತ್ತಿತ್ತು. ಪುಟ ತಿರುಗುವಷ್ಟರಲ್ಲಿ ಒಂಟೆಯ ಪಾದಕ್ಕೆ ಮುಲಾಮು ಹಚ್ಚುತ್ತಿದ್ದರು. ಇದೆಂಥ ಗ್ರಹಚಾರ! ಮೂಲವನ್ನೇ ತರಿಸಿ ನೋಡಿದಳು.

"ಇಲ್ಲಿ ಅಡಿಯಲ್ಲಿ ಜೇನು ಅಂತಿದೆ. ನೀವು ಪಾದ ಅಂತ ಹಾಕಿದ್ದೀರಲ್ಲ, ಯಾಕೆ?"

"ನೀನು ಬೈದ ಮೇಲೆ ಬದಲಾಯಿಸ್ದೆ. ಮಷೀನ್ ಕಿರುಚಿದ ಕಡೆಯೆಲ್ಲ ಮುಂದಿನ ಪುಟದ ಮೊದಲ ಪದಕ್ಕೆ ಹೊಂದೋ ಹಾಗೆ ಬದಲಾಯಿಸ್ದೆ. ನನ್ನ ಕಣ್ಣೇ ಕೆಟ್ಟಿರ್ಬೇಕು ಅಂದ್ಕೊಂಡೆ."

ದುರ್ರಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಯಾರೋ ಯಾವಾಗಲೋ ಪುಸ್ತಕ ಹೊಲಿಯುವಾಗ ಹಾಳೆಗಳನ್ನು ಹಿಂದುಮುಂದು ಮಾಡಿದ್ದರು. ಯಂತ್ರ ಅದನ್ನೇ ವಾರವಿಡೀ ಬಡಕೊಂಡಿತ್ತು. ಈ ಮಹಾತಾಯಿ ಮುದುಕರ ಕಣ್ಣನ್ನು ದೂರುತ್ತ ಕೂತಿದ್ದಳು.

"ತಪ್ಪು ನಂದು, ಸಿ ಶಾದ್ಲಿ. ಎಲ್ಲ ಮೊದ್ಲಿನ ಹಾಗೇ ಹಾಕಿ."

"ಮತ್ತೆ ಕಿರುಚುತ್ತಲ್ಲ?"

"ಕಿರುಚಲಿ. ನಾಳೆ ನಿರ್ದೇಶಕರ ಮುಂದೇನೇ ಕಿರುಚಲಿ. ಹಾಳೆ ಎಲ್ಲೆಲ್ಲಿ ಅದಲುಬದಲಾಗಿದೆ ಅಂತ ನಾನೇ ತೋರಿಸ್ತೀನಿ. ನಿಮ್ಮ ಕಣ್ಣು ನೂರಕ್ಕೆ ನೂರು ಸರಿ ಇದೆ."

ಶಾದ್ಲಿ ತಲೆಯಾಡಿಸಿ, ಪುಟವನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರ ಒತ್ತಿದರು. ಆಮೇಲೆ ಅವಳ ಕಡೆ ತಿರುಗಿದರು.

"ಜೇನು ಅಂತಲೇ ಇದೆ ಅಲ್ವಾ ಮಗಳೇ? ನೀನೊಂದ್ಸಲ ನೋಡಿ ಹೇಳು."