ಬ್ಯಾಗು ಹೊರುವ ಅಪ್ಪ

ಸಾಫ್ಟ್‌ಬಾಲ್ ಆಟದಲ್ಲಿ ಬೀಸಿದ ಮೂರು ಸಲವೂ ಚೆಂಡು ತಪ್ಪಿ ಔಟಾಗಿ ಬಂದ ಯೆಸೇನಿಯಾ ನಕ್ಕಳು. ನಗಲೇಬೇಕಿತ್ತು. ಬೇಲಿಯಾಚೆ ಮಡಚುವ ಕುರ್ಚಿಯಲ್ಲಿ ನೀಲಿ ಟೋಪಿಯ ಹೆಂಗಸೊಬ್ಬಳು ಕೂತಿದ್ದಳು, ಕಾಲೇಜಿನ ಕೋಚು. ಮೈಯೆಲ್ಲ ಉರಿಯುತ್ತಿದ್ದರೂ ಹುಡುಗಿ ಹೆಲ್ಮೆಟ್ಟನ್ನು ಮೊಟ್ಟೆ ಇಡುವ ಹಾಗೆ ಮೆಲ್ಲಗೆ ಬೆಂಚಿನ ಮೇಲಿಟ್ಟು, ಮುಂದೆ ಬ್ಯಾಟು ಹಿಡಿದು ಹೊರಟವಳ ಬೆನ್ನು ತಟ್ಟಿದಳು.

"ಭೇಷ್," ಅಂದಳು ತಂಡದ ಕೋಚು ಡಾರ್ಲೀನ್, ತುಟಿ ಅಲ್ಲಾಡಿಸದೆ. "ಅವಳು ನೋಡಿದ್ಳು."

ಚಳಿಗಾಲದಿಂದ ಡಾರ್ಲೀನಳ ಬಾಯಲ್ಲಿ ಇದೊಂದೇ ಮಂತ್ರ. "ಬ್ಯಾಟು ಎಲ್ಲಾರೂ ಬೀಸ್ತಾರೆ ಕಣೇ. ಕಾಲೇಜಿನೋರು ನೋಡೋದೇ ಬೇರೆ. ಔಟಾದ್ಮೇಲೆ ಮುಖ ಹೆಂಗಿರತ್ತೆ? ಜೊತೆಯವಳು ಚೆಂಡು ಬಿಟ್ರೆ ಸಿಡುಕ್ತಾಳಾ? ಅಪ್ಪ ಅಮ್ಮ ಬೇಲಿ ಹಿಡ್ಕೊಂಡು ಕಿರುಚ್ತಾರಾ? ಕೊನೇಗೆ ಗೇಟಿನ ಹತ್ರ ನಿಂತು ನೋಡ್ತಾರೆ, ಬ್ಯಾಗು ಯಾರ ಹೆಗಲ ಮೇಲಿದೆ ಅಂತ. ಅಪ್ಪನ ಕೈಲಿ ಹೊರಿಸಿದ್ಯೋ, ಮುದ್ದು ಮಾಡಿ ಕೆಡಿಸಿದ ಹುಡುಗಿ ಅಂತ ಹೆಸರು ಹೊಡೆದು ಹಾಕ್ತಾರೆ."

ಬೇಲಿಯುದ್ದಕ್ಕೂ ಬೇರೆ ಕಾಲೇಜುಗಳ ಕುರ್ಚಿಗಳೂ ಇದ್ದವು, ಆದರೆ ನೀಲಿ ಟೋಪಿಯವಳ ಕಾಲೇಜಿನಲ್ಲೇ ಕ್ಯಾಚರ್ ಜಾಗ ಒಂದು ಖಾಲಿ ಇತ್ತು. ಬ್ಯಾಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಆ ಕೆಲಸದಲ್ಲಿ ಟುಲೇರಿ ಊರಿಗೆಲ್ಲ ಯೆಸೇನಿಯಾಳೇ ಗಟ್ಟಿಗಿತ್ತಿ. ಜಾಗ ಸಿಕ್ಕರೆ ಓದು ಪೂರ್ತಿ ಬಿಟ್ಟಿ. ಸಿಗದಿದ್ದರೆ ಅಕ್ಕನ ಹಾಗೆ ಕಿತ್ತಳೆ ಹಣ್ಣು ಪ್ಯಾಕ್ ಮಾಡುವ ಶೆಡ್ಡು.

ಅದಕ್ಕೇ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು, ಅದಕ್ಕೇ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಅಪ್ಪನ ಜೊತೆ ದನದ ಹರಾಜಿಗೆ ಹೋದಾಗ ನೋಡಿದ್ದಳು: ಕೊಳ್ಳುವವರು ಕೆಚ್ಚಲು ಒತ್ತುತ್ತಾರೆ, ಸುತ್ತು ಹೊಡೆಸಿ ನಡಿಗೆ ನೋಡುತ್ತಾರೆ. ಹಸುವಾದರೂ ಪುಣ್ಯ ಮಾಡಿತ್ತು, ನಗು ಅಂತ ಅದಕ್ಕೆ ಯಾರೂ ಹೇಳುವುದಿಲ್ಲ.

ಅಪ್ಪ ಎಫ್ರಾಯಿನ್ ಹಾಲಿನ ಟ್ಯಾಂಕರ್ ಓಡಿಸುವವನು. ಬೆಳಗಿನ ಸರದಿ ಮುಗಿಸಿ ನೇರ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ. ಡಾರ್ಲೀನ್ ಅವನಿಗೂ ಪಾಠ ಮಾಡಿದ್ದಳು. ಜನ್ಮದಲ್ಲೇ ಕೂಗದ ಮನುಷ್ಯ, ಆದರೂ ಭಯಕ್ಕೆ ಬಾಯಿ ತುಂಬ ಸೂರ್ಯಕಾಂತಿ ಬೀಜ ತುಂಬಿಕೊಂಡಿದ್ದ.

ಕೊನೆಯ ಸುತ್ತಿನಲ್ಲಿ ಎದುರಾಳಿ ಹುಡುಗಿಯೊಬ್ಬಳು ಚೆಂಡು ಎಸೆಯುವಾಗಲೇ ಎರಡನೇ ಬೇಸಿನ ಕಡೆ ಕದ್ದು ಓಡಿದಳು. ಯೆಸೇನಿಯಾ ಏಳಲೂ ಇಲ್ಲ. ಮಂಡಿಯ ಮೇಲಿಂದಲೇ ಎಸೆದಳು. ಚೆಂಡು ಹೋದ ರಭಸಕ್ಕೆ ಓಡುವವಳು ಅರ್ಧ ದಾರಿಯಲ್ಲೇ ತಲೆ ತಗ್ಗಿಸಿದಳು. ಔಟು, ಆಟ ಮುಗಿಯಿತು, ಗೆದ್ದರು. ನೀಲಿ ಟೋಪಿಯವಳು ಕುರ್ಚಿಯಲ್ಲಿ ಮುಂದೆ ಬಾಗಿ ಏನೋ ಬರೆದುಕೊಂಡಳು.

"ಸಿಕ್ತು ಅಂತ ತಿಳ್ಕೋ," ಡಾರ್ಲೀನ್ ಪಿಸುಗುಟ್ಟಿದಳು. "ಈಗ ಬೆಂಚಿನ ಕೆಳಗಿನ ಕಸ ತೆಗಿ. ಅದನ್ನೂ ನೋಡ್ತಾಳೆ."

ಬೀಜದ ಸಿಪ್ಪೆ, ನೀರಿನ ಬಾಟಲಿಗಳನ್ನೆಲ್ಲ ಬಳಿದು ಯೆಸೇನಿಯಾ ತಲೆ ಎತ್ತಿದಾಗ ಬ್ಯಾಗು ಅಲ್ಲಿರಲಿಲ್ಲ. ಗೇಟಿನ ಹತ್ತಿರ, ಕುರ್ಚಿಯನ್ನು ಕಾರಿಗೆ ಹಾಕುತ್ತಿದ್ದ ನೀಲಿ ಟೋಪಿಯವಳ ಎದುರಿಗೇ, ಅಪ್ಪ ಅದನ್ನು ಹೆಗಲಿಗೇರಿಸಿಕೊಂಡು ನಿಂತಿದ್ದ. ಮಗಳು ಗೆದ್ದ ಖುಷಿಯಲ್ಲಿ ಪಾಠವೆಲ್ಲ ಮರೆತುಹೋಗಿತ್ತು. ಬ್ಯಾಗು ಹುಡುಗಿಗಿಂತ ದೊಡ್ಡದಿದ್ದ ಕಾಲದಿಂದ ಅದನ್ನು ಹೊತ್ತವನು ಅವನೇ. ಆಟ ಅರ್ಥವಾಗದು, ಇಂಗ್ಲಿಷ್ ಬಾರದು. ಮಗಳಿಗಾಗಿ ಮಾಡಲು ಕೈಲಾಗುವುದು ಅದೊಂದು ಅಂತ ಅವನು ನಂಬಿದ್ದ.

ಡಾರ್ಲೀನ್ ಓಡಿ ಬಂದಳು. "ಹೋಗೇ, ಕಿತ್ಕೋ! ನಗ್ತಾ ಕಿತ್ಕೋ!"

ಯೆಸೇನಿಯಾ ಹೋದಳು. ಅವಳ ಮುಖ ನೋಡಿಯೇ ಅಪ್ಪನಿಗೆ ನೆನಪಾಯಿತು. ಕೆಂಡ ಮುಟ್ಟಿದವನ ಹಾಗೆ ಬ್ಯಾಗು ಕೆಳಗಿಟ್ಟ. "ಅಯ್ಯೋ, ಮರೆತೇಬಿಟ್ಟೆ ಮಗಳೇ. ಇವಮ್ಮಂಗೆ ಹೇಳು, ನಾನ್ಯಾರೋ ಕೂಲಿಯವನು ಅಂತ ಹೇಳು," ಅಂದ ಸ್ಪ್ಯಾನಿಷಿನಲ್ಲಿ.

ಅಲ್ಲಿಗೆ ಅವಳ ತಾಳ್ಮೆಯ ಕಟ್ಟೆ ಒಡೆಯಿತು.

"ಮೇಡಂ!" ಅಂದಳು. ಅವಳ ವಯಸ್ಸಿನವರ ಜೊತೆ ಕಾಲೇಜಿನವರು ಇನ್ನೂ ಮಾತಾಡುವಂತಿಲ್ಲ, ನಿಯಮ, ನೋಡಬಹುದು ಅಷ್ಟೇ. ನೀಲಿ ಟೋಪಿಯವಳು ನೋಡಿದಳು. "ಇವರು ನಮ್ಮಪ್ಪ. ನನ್ನ ಬ್ಯಾಗು ಇವರೇ ಹೊರೋದು, ಚಿಕ್ಕವಳಿದ್ದಾಗಿಂದ. ಬರ್ಕೊಳ್ಳಿ! ಔಟಾದಾಗ ನಂಗೆ ಅಳು ಬಂದಿತ್ತು, ನಕ್ಕಿದ್ದು ಸುಳ್ಳು. ಅದನ್ನೂ ಬರ್ಕೊಳ್ಳಿ!"

ನೀಲಿ ಟೋಪಿಯವಳು ಕುರ್ಚಿಯನ್ನು ಒಳಗೆ ತಳ್ಳಿದಳು. ಕಾರಿನ ಡಿಕ್ಕಿ ಧಡ್ ಅಂತ ಹಾಕಿ ಹತ್ತಿ ಹೊರಟೇಹೋದಳು.

"ಮುಗೀತು," ಅಂದಳು ಡಾರ್ಲೀನ್. "ನಿನ್ನ ಕೈಯಾರೆ ಮಣ್ಣು ಹಾಕ್ಕೊಂಡೆ."

ಮುಗಿದಿದೆ ಅಂತ ಯೆಸೇನಿಯಾಳಿಗೂ ಗೊತ್ತಿತ್ತು. ಕಣ್ಣು ಉರಿಯುತ್ತಿತ್ತು. ಅಪ್ಪ ಬ್ಯಾಗನ್ನು ಕಾಲಿನಿಂದ ಮೆಲ್ಲಗೆ ಅವಳ ಕಡೆ ಸರಿಸಿದ. "ನೀನೇ ಹೊತ್ಕೋ ಪುಟ್ಟಿ. ಇನ್ಯಾರಾದ್ರೂ ನೋಡ್ತಿರಬಹುದು."

"ನೋಡ್ಲಿ. ಎತ್ಕೋ ಅಪ್ಪಾ."

ಅವನು ಎತ್ತಿಕೊಂಡ. ಲಾರಿ ನಿಂತಿದ್ದು ಮೈದಾನದ ಆ ತುದಿಯಲ್ಲಿ. ಉಳಿದ ಕಾಲೇಜುಗಳ ಕುರ್ಚಿಗಳ ಮುಂದೆಯೇ, ಎರಡೂ ಕೈ ಬೀಸಿಕೊಂಡು, ಅವಳು ಅಪ್ಪನ ಪಕ್ಕದಲ್ಲಿ ನಡೆದಳು.