ಗಿರಣಿಯ ಹಿಟ್ಟು

"ಮತ್ತ ಹಂಗೇ ಆಗ್ಯಾದೇನು?" ಅಂಬರಾಯ ಬಾಗಿಲಲ್ಲೇ ನಿಂತು ಹೆಂಡತಿಯನ್ನು ಕೇಳಿದ.

ಲಾಲಮ್ಮ ತಲೆಯಾಡಿಸಿದಳು. ಬೆಳಗಿನಿಂದ ಮಗಳು ಯಂಕಮ್ಮನಿಗೆ ಇದು ನಾಲ್ಕನೇ ಭೇದಿ. ಐದು ವರ್ಷದ ಹುಡುಗಿ. ಕೈಕಾಲು ದಂಟಿನಂತೆ, ಹೊಟ್ಟೆ ಮಾತ್ರ ಬಿಗಿದ ಗಡಿಗೆ. ಮೊದಲ ಮಗಳಿಗೂ ಇದೇ ಹೊಟ್ಟೆ ಬಂದಿತ್ತು. ಅವಳನ್ನು ಮಣ್ಣು ಮಾಡಿ ಮೂರು ವರ್ಷವಾಗಿತ್ತು.

ಎರಡು ತಿಂಗಳ ಹಿಂದೆ ವಾಡಿಯಿಂದ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿದ್ದರು. ಅಲ್ಲಿನ ಡಾಕ್ಟರು ಸೀಲಿಯಾಕ್ ಎಂಬ ಹೆಸರು ಹೇಳಿ, "ಗೋಧಿ ಈ ಕೂಸಿನ ಕರುಳಿಗೆ ವಿಷ. ಒಂದು ಚೂರೂ ಬ್ಯಾಡ. ಜೋಳ, ಅಕ್ಕಿ ಕೊಡ್ರಿ" ಎಂದಿದ್ದರು. ಬಡಕಲು ಕೂಸಿಗೆ ಹಗುರವಾಗಲೆಂದು ರವೆಗಂಜಿ, ಚಹಾದಲ್ಲಿ ನೆನೆಸಿದ ಬ್ರೆಡ್ಡು ಉಣಿಸಿದವಳು ಲಾಲಮ್ಮನೇ. ಇಬ್ಬರು ಹೆಣ್ಣುಮಕ್ಕಳಿಗೂ.

ಅಂದಿನಿಂದ ಮನೆಯೊಳಗೆ ಗೋಧಿ ಬಂದಿರಲಿಲ್ಲ.

"ಡಾಕ್ಟರೇ ತಪ್ಪು ಹೇಳ್ಯಾರೇನೋ," ಎಂದ ಅಂಬರಾಯ.

ಲಾಲಮ್ಮ ಮಗಳ ಹೊದಿಕೆ ಸರಿಮಾಡಿದಳು. ಅವರು ತಪ್ಪಿದ್ದರೆ ಇನ್ನು ಯಾರ ಹತ್ತಿರ ಹೋಗುವುದು?

ಮರುದಿನ ಜೋಳ ಬೀಸಿಸಲು ಗಿರಣಿಗೆ ಹೋದಳು. ಗಿರಣಿಯ ಅಬ್ದುಲ್ ಕರೀಮ್ ಯಾರದೋ ಗೋಧಿ ಮುಗಿಸಿ, ಅದೇ ಕಲ್ಲಿಗೆ ಅವಳ ಜೋಳ ಸುರಿದ. ಮೊದಲು ಉದುರಿದ ಹಿಟ್ಟಿನ ಬಣ್ಣ ಬೇರೆಯಾಗಿತ್ತು. ಲಾಲಮ್ಮ ಒಂದು ಚಿಟಿಕೆಗೆ ನೀರು ಹನಿಸಿ ಬೆರಳಲ್ಲಿ ನಾದಿದಳು. ಜೋಳದ ಹಿಟ್ಟು ಮುರಿಯುತ್ತದೆ. ಇದು ಅಂಟಿಕೊಂಡು ಎಳೆಯಾಗಿ ಹಿಗ್ಗಿತು.

"ಚಾಚಾ, ಇದರಾಗ ಗೋದಿ ಅದ!"

"ಕಲ್ಲಿನಾಗ ಉಳಿದಿದ್ದು ಬರ್ತದ, ಬೇಟಿ. ಒಂದು ಮುಷ್ಟಿ. ಅಷ್ಟಕ್ಕ ಏನಾಗ್ತದ?"

ಎರಡು ತಿಂಗಳಿಂದ ಮಗಳಿಗೆ ರೊಟ್ಟಿ ಬಡಿದು ಕೊಟ್ಟದ್ದು ಇದೇ ಗಿರಣಿಯ ಹಿಟ್ಟಿನಿಂದ. ಲಾಲಮ್ಮ ಆ ಹಿಟ್ಟನ್ನು ಅಲ್ಲೇ ಬಿಟ್ಟು ಹೊರಟಳು.

ಅಂದೇ ಪಕ್ಕದ ಮನೆಯ ಭೀಮಮ್ಮನ ಬೀಸುಕಲ್ಲನ್ನು ಹೊತ್ತು ತಂದಳು. ಕಲ್ಲಿನ ಒಂದೊಂದು ಕಚ್ಚನ್ನೂ ಕಡ್ಡಿಯಿಂದ ಕೆದಕಿ, ತೊಳೆದು, ಬಿಸಿಲಿಗಿಟ್ಟಳು. ದಿನವೂ ತಾನೇ ಬೀಸಿದಳು. ಮಗಳು ಹೊರಕಡೆಗೆ ಹೋದಾಗಲೆಲ್ಲ ಹಿಂದೆ ಹೋಗಿ ನೋಡಿದಳು. ದಿನಕ್ಕೆ ನಾಲ್ಕು ಸಲ ಇದ್ದ ಭೇದಿ ಮೂರಾಯಿತು, ಮತ್ತೆ ನಾಲ್ಕಾಯಿತು, ಆಮೇಲೆ ಎರಡು. ಅವಳು ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಮೂರನೇ ವಾರ ಒಂದು ಮಧ್ಯಾಹ್ನ ಯಂಕಮ್ಮ ರೊಟ್ಟಿ ಮುಗಿಸಿ ತಟ್ಟೆ ಮುಂದಕ್ಕೆ ಚಾಚಿದಳು.

"ಯವ್ವಾ, ಇನ್ನೊಂದು ತುಣುಕು."

ಹುಡುಗಿ ಎಂದೂ ಇನ್ನೊಂದು ಕೇಳಿದ್ದಿಲ್ಲ. ಲಾಲಮ್ಮ ರೊಟ್ಟಿ ಮುರಿದಳು. ಮುರಿದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು, ಗೋಧಿಯ ಎಳೆ ಕಾಣುತ್ತದೇನೋ ಎಂದು ಒಂದು ಬದಿ ನೋಡಿದಳು, ತಿರುಗಿಸಿ ಇನ್ನೊಂದು ಬದಿ ನೋಡಿದಳು. ಹುಡುಗಿ ತಟ್ಟೆ ಹಿಡಿದುಕೊಂಡೇ ಕುಳಿತಿದ್ದಳು.